ಆರ್‌ಸಿ ಹೆಲಿಕಾಪ್ಟರ್ ಹಾರಿಸುವ ಆಸೆಯೇ? ಮೊದಲು ಕಂಪ್ಯೂಟರ್‌ನಲ್ಲಿ ಬೀಳಿಸಿ ಕಲಿಯಿರಿ

*ಸಿಮ್ಯುಲೇಟರ್ ಕೊಳ್ಳುವ ಮುನ್ನ ಯಾವುದನ್ನು ನೋಡಬೇಕು, ಯಾವುದಕ್ಕೆ ದುಡ್ಡು ಹಾಕಬಾರದು? ಇಲ್ಲಿದೆ ಪೂರ್ಣ ಮಾಹಿತಿ*

ಆನ್‌ಲೈನ್‌ನಲ್ಲಿ ವಿಡಿಯೋ ನೋಡಿ ರಿಮೋಟ್ ಕಂಟ್ರೋಲ್ ಹೆಲಿಕಾಪ್ಟರ್ ತರಿಸಿಕೊಳ್ಳುವ ಹುಡುಗರು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಪಾರ್ಸೆಲ್ ಬಂದ ದಿನವೇ ಮೈದಾನಕ್ಕೆ ಒಯ್ದು ಹಾರಿಸೋಣ ಅಂತ ಹೊರಟರೆ, ಮೊದಲ ಹಾರಾಟ ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ನೆಲದಿಂದ ಒಂದಡಿ ಏಳುತ್ತದೆ, ಒಂದು ಕಡೆ ವಾಲುತ್ತದೆ, ರೆಕ್ಕೆ ನೆಲಕ್ಕೆ ಬಡಿಯುತ್ತದೆ. ಅಷ್ಟೇ.

ಒಂದು ಸಲ ಬಿದ್ದರೆ ಹೋಗುವುದು ಬರೀ ರೆಕ್ಕೆ ಅಲ್ಲ. ಮುಖ್ಯ ಶಾಫ್ಟ್ ಬಾಗುತ್ತದೆ, ದೊಡ್ಡ ಗೇರ್‌ನ ಹಲ್ಲು ಕಿತ್ತುಹೋಗುತ್ತದೆ, ಬಾಲದ ಕೊಳವೆ ಮುರಿಯುತ್ತದೆ, ಸರ್ವೋ ಮೋಟರ್ ಒಳಗಿನ ಸಣ್ಣ ಗೇರ್ ಪುಡಿಯಾಗುತ್ತದೆ. ಈ ಬಿಡಿಭಾಗ ಯಾವುದೂ ತಾಲ್ಲೂಕಿನ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಮತ್ತೆ ಆರ್ಡರ್ ಹಾಕಬೇಕು, ವಾರಗಟ್ಟಲೆ ಕಾಯಬೇಕು. ಎರಡು ಮೂರು ಸಲ ಹೀಗಾದರೆ ಹೆಲಿಕಾಪ್ಟರ್ ಅಟ್ಟ ಸೇರುತ್ತದೆ.

ಇದಕ್ಕೆ ಇರುವ ಪರಿಹಾರವೇ ಸಿಮ್ಯುಲೇಟರ್. ಕಂಪ್ಯೂಟರ್ ಪರದೆಯ ಮೇಲೆ ಹೆಲಿಕಾಪ್ಟರ್ ಹಾರುತ್ತದೆ, ಕೈಯಲ್ಲಿ ಮಾತ್ರ ನಿಜವಾದ ರಿಮೋಟ್ ಇರುತ್ತದೆ. ನೂರು ಸಲ ಬಿದ್ದರೂ ಒಂದು ಬಟನ್ ಒತ್ತಿದರೆ ಮತ್ತೆ ಎದ್ದು ನಿಲ್ಲುತ್ತದೆ. ಆದರೆ ಸಿಮ್ಯುಲೇಟರ್ ಹೆಸರಿನಲ್ಲಿ ಸಿಗುವುದೆಲ್ಲಾ ಕೆಲಸಕ್ಕೆ ಬರುವುದಿಲ್ಲ. ತಪ್ಪಾಗಿ ಆರಿಸಿದರೆ ದುಡ್ಡಿನ ಜೊತೆಗೆ ಬೆರಳಿಗೂ ತಪ್ಪು ಅಭ್ಯಾಸ ಹತ್ತುತ್ತದೆ.

ಡ್ರೋನ್ ಹಾರಿಸಿದವರಿಗೆ ಇದು ಸುಲಭವೇ?

'ಮದುವೆ ಡ್ರೋನ್ ಹಾರಿಸಿದೀನಿ, ಇದೇನು ಮಹಾ' ಅನ್ನುವವರು ಇದ್ದಾರೆ. ಎರಡೂ ಬೇರೆ ಬೇರೆ. ಫೋಟೋ ತೆಗೆಯುವ ಡ್ರೋನ್‌ನ ಸ್ಟಿಕ್ ಬಿಟ್ಟರೆ ಅದು ಇದ್ದಲ್ಲೇ ನಿಲ್ಲುತ್ತದೆ. ಅದರೊಳಗಿನ ಜಿಪಿಎಸ್, ಸೆನ್ಸರ್, ಕಂಪ್ಯೂಟರ್ ಸೇರಿ ಅದನ್ನು ನಿಲ್ಲಿಸುತ್ತವೆ.

ಆರ್‌ಸಿ ಹೆಲಿಕಾಪ್ಟರ್ ಹಾಗಲ್ಲ. ಅದರಲ್ಲಿ ಸಾಮಾನ್ಯವಾಗಿ ಇರುವುದು ಗೈರೋ ಮಾತ್ರ. ಗೈರೋ ಹೆಲಿಕಾಪ್ಟರ್ ಗಿರ್ರನೆ ತಿರುಗದಂತೆ ತಡೆಯುತ್ತದೆ, ಸಣ್ಣ ಗಾಳಿಗೆ ಅಲುಗದಂತೆ ನೋಡಿಕೊಳ್ಳುತ್ತದೆ. ಆದರೆ ಒಂದು ಕಡೆ ವಾಲಿ ಜಾರತೊಡಗಿದರೆ ಜಾರುತ್ತಲೇ ಹೋಗುತ್ತದೆ, ಅದನ್ನು ಎದುರು ಸ್ಟಿಕ್ ಕೊಟ್ಟು ಹಿಡಿಯಬೇಕಾದವರು ಹಾರಿಸುವವರೇ. ಒಂದೇ ಜಾಗದಲ್ಲಿ ನಿಲ್ಲಿಸುವುದು, ಅಂದರೆ ಹೋವರ್ ಮಾಡುವುದೇ, ಇಲ್ಲಿ ಮೊದಲ ಪರೀಕ್ಷೆ. ತಾನಾಗಿಯೇ ಸಮತಟ್ಟಾಗುವ ಮೋಡ್ ಇರುವ ಮಾದರಿಗಳೂ ಇವೆ. ಆದರೆ ಅದನ್ನೇ ನೆಚ್ಚಿಕೊಂಡವರಿಗೆ ಆ ಮೋಡ್ ತೆಗೆದ ದಿನ ಹಾರಿಸಲು ಆಗುವುದಿಲ್ಲ.

ಹಾಗಾಗಿ ರೇಸಿಂಗ್ ಡ್ರೋನ್‌ಗೆಂದೇ ಮಾಡಿದ ಸಿಮ್ಯುಲೇಟರ್‌ಗಳು ಹೆಲಿಕಾಪ್ಟರ್ ಕಲಿಯುವವರಿಗೆ ಪ್ರಯೋಜನವಿಲ್ಲ. ಅವುಗಳಲ್ಲಿ ಡ್ರೋನ್‌ನ ಕ್ಯಾಮೆರಾ ಕಣ್ಣಿನಿಂದ ನೋಡಿ ಹಾರಿಸುತ್ತಾರೆ. ಹೆಲಿಕಾಪ್ಟರ್ ಹಾರಿಸುವುದು ನೆಲದ ಮೇಲೆ ನಿಂತು, ದೂರದಿಂದ ನೋಡಿ.

ಬೆರಳು ಕಲಿಯಬೇಕಾದ್ದು ಏನು?

ಹೆಲಿಕಾಪ್ಟರ್‌ಗೆ ನಾಲ್ಕು ಮುಖ್ಯ ಹಿಡಿತಗಳು. ರೆಕ್ಕೆಯ ಕೋನ ಹೆಚ್ಚು ಕಡಿಮೆ ಮಾಡಿ ಮೇಲೆ ಕೆಳಗೆ ಒಯ್ಯುವುದು ಒಂದು. ಮುಂದೆ ಹಿಂದೆ ವಾಲಿಸುವುದು ಎರಡು. ಎಡ ಬಲ ವಾಲಿಸುವುದು ಮೂರು. ಬಾಲದ ರೆಕ್ಕೆಯಿಂದ ಮೂತಿ ತಿರುಗಿಸುವುದು ನಾಲ್ಕು. ಈ ನಾಲ್ಕನ್ನೂ ಎರಡು ಹೆಬ್ಬೆರಳು ಒಟ್ಟಿಗೆ ಮಾಡಬೇಕು. ಒಂದನ್ನು ಬದಲಿಸಿದರೆ ಉಳಿದ ಮೂರಕ್ಕೂ ಸ್ವಲ್ಪ ಸ್ವಲ್ಪ ತಿದ್ದುಪಡಿ ಬೇಕಾಗುತ್ತದೆ.

ನಿಜವಾದ ಕಷ್ಟ ಇರುವುದು ಮೂತಿ ತಿರುಗಿದಾಗ. ಬಾಲ ಹಾರಿಸುವವರ ಕಡೆ ಇದ್ದಾಗ ಬಲಕ್ಕೆ ಸ್ಟಿಕ್ ಕೊಟ್ಟರೆ ಬಲಕ್ಕೇ ಹೋಗುತ್ತದೆ. ಮೂತಿ ಹಾರಿಸುವವರ ಕಡೆ ತಿರುಗಿದರೆ ಅದೇ ಸ್ಟಿಕ್‌ಗೆ ಹೆಲಿಕಾಪ್ಟರ್ ಅವರ ಎಡಕ್ಕೆ ಹೋಗುತ್ತದೆ. ಗಾಬರಿಯಲ್ಲಿ ಮತ್ತಷ್ಟು ಬಲಕ್ಕೆ ಒತ್ತುತ್ತಾರೆ, ಮತ್ತಷ್ಟು ಎಡಕ್ಕೆ ಹೋಗಿ ಬೀಳುತ್ತದೆ. ಇದನ್ನು ಯೋಚನೆ ಮಾಡಿ ತಿದ್ದುವಷ್ಟು ಸಮಯ ಗಾಳಿಯಲ್ಲಿ ಸಿಗುವುದಿಲ್ಲ. ಸೈಕಲ್ ಕಲಿತ ಹಾಗೆ ಕೈಗೇ ರೂಢಿಯಾಗಬೇಕು. ಆ ರೂಢಿಗೆ ಬೇಕಾದ್ದು ಸಮಯ.

ಲೆಕ್ಕ ಹಾಕಿ ನೋಡಿ. ಒಂದು ಬ್ಯಾಟರಿಯಲ್ಲಿ ಹಾರಾಟ ಸಾಮಾನ್ಯವಾಗಿ 5 ನಿಮಿಷದ ಆಸುಪಾಸು. ಮೂರು ಬ್ಯಾಟರಿ ಇದ್ದರೂ ದಿನಕ್ಕೆ ಕಾಲು ಗಂಟೆ. ಮಳೆ ಇರಬಾರದು, ಜೋರು ಗಾಳಿ ಇರಬಾರದು, ಮೈದಾನ ಖಾಲಿ ಇರಬೇಕು. ಸಿಮ್ಯುಲೇಟರ್‌ನಲ್ಲಿ ದಿನಕ್ಕೆ ಅರ್ಧ ಗಂಟೆ ಕೂತರೂ ತಿಂಗಳಿಗೆ 15 ಗಂಟೆ ಕೈ ಆಡುತ್ತದೆ.

ಮೊದಲು ರಿಮೋಟ್, ಆಮೇಲೆ ಸಾಫ್ಟ್‌ವೇರ್

ಸಿಮ್ಯುಲೇಟರ್ ಅಂದ ಕೂಡಲೇ ಎಲ್ಲರೂ ಸಾಫ್ಟ್‌ವೇರ್ ಹುಡುಕುತ್ತಾರೆ. ಮೊದಲು ಆರಿಸಬೇಕಾದ್ದು ಕೈಯಲ್ಲಿ ಹಿಡಿಯುವ ರಿಮೋಟ್, ಅಂದರೆ ಟ್ರಾನ್ಸ್‌ಮಿಟರ್. ಮುಂದೆ ನಿಜವಾದ ಹೆಲಿಕಾಪ್ಟರ್ ಹಾರಿಸಲು ಯಾವ ರಿಮೋಟ್ ಬಳಸುತ್ತಾರೋ ಅದರಲ್ಲೇ ಅಭ್ಯಾಸ ಮಾಡುವುದು ಒಳ್ಳೆಯದು.

ಮೊಬೈಲ್ ಆ್ಯಪ್‌ಗಳು ಸಿಗುತ್ತವೆ, ಆದರೆ ಗಾಜಿನ ಮೇಲೆ ಬೆರಳು ಉಜ್ಜಿದರೆ ಸ್ಟಿಕ್‌ನ ಹಿಡಿತ ಬರುವುದಿಲ್ಲ. ವಿಡಿಯೋ ಗೇಮ್‌ನ ಗೇಮ್‌ಪ್ಯಾಡ್ ಕೂಡ ಸರಿಯಲ್ಲ. ಅದರ ಸ್ಟಿಕ್ ಗಿಡ್ಡ, ಸ್ವಲ್ಪ ಮುಟ್ಟಿದರೂ ಜಾಸ್ತಿ ತಿರುಗುತ್ತದೆ. ಜೊತೆಗೆ ಎರಡೂ ಸ್ಟಿಕ್ ಬಿಟ್ಟ ಕೂಡಲೇ ಸ್ಪ್ರಿಂಗ್‌ನಿಂದ ಮಧ್ಯಕ್ಕೆ ಬರುತ್ತವೆ. ಹೆಲಿಕಾಪ್ಟರ್ ರಿಮೋಟ್‌ನಲ್ಲಿ ಮೇಲೆ ಕೆಳಗೆ ಒಯ್ಯುವ ಸ್ಟಿಕ್ ಬಿಟ್ಟ ಜಾಗದಲ್ಲೇ ನಿಲ್ಲಬೇಕು.

ಇನ್ನೊಂದು ಮುಖ್ಯ ವಿಷಯ ಮೋಡ್. ಮೋಡ್ 2ರಲ್ಲಿ ಎಡ ಸ್ಟಿಕ್ ಮೇಲೆ ಕೆಳಗೆ ಒಯ್ಯುವುದಕ್ಕೆ ಮತ್ತು ಮೂತಿ ತಿರುಗಿಸುವುದಕ್ಕೆ. ಬಲ ಸ್ಟಿಕ್ ನಾಲ್ಕೂ ದಿಕ್ಕಿಗೆ ವಾಲಿಸುವುದಕ್ಕೆ. ಮೋಡ್ 1ರಲ್ಲಿ ಮೇಲೆ ಕೆಳಗೆ ಒಯ್ಯುವ ಕೆಲಸ ಬಲ ಸ್ಟಿಕ್‌ಗೆ, ಮುಂದೆ ಹಿಂದೆ ವಾಲಿಸುವ ಕೆಲಸ ಎಡ ಸ್ಟಿಕ್‌ಗೆ ಹೋಗುತ್ತದೆ. ಇದೇ ಮೇಲು, ಅದೇ ಕೀಳು ಅನ್ನುವಂತಿಲ್ಲ. ಆದರೆ ಒಂದರಲ್ಲಿ ಕಲಿತವರಿಗೆ ಇನ್ನೊಂದು ಒಗ್ಗುವುದಿಲ್ಲ. ಹತ್ತಿರದಲ್ಲಿ ಕಲಿಸಿಕೊಡುವವರು ಯಾರಾದರೂ ಇದ್ದರೆ ಅವರು ಯಾವ ಮೋಡ್ ಬಳಸುತ್ತಾರೋ ಅದನ್ನೇ ಹಿಡಿಯಬೇಕು. ಹೆಲಿಕಾಪ್ಟರ್ ಹಿಡಿತ ತಪ್ಪಿದಾಗ ರಿಮೋಟ್ ಅವರ ಕೈಗೆ ಕೊಡಬಹುದು. ಡ್ರೋನ್ ಹಾರಿಸಿ ಗೊತ್ತಿರುವವರಿಗೆ ಮೋಡ್ 2 ಪರಿಚಿತವಾಗಿರುತ್ತದೆ.

ಚಾನೆಲ್ ಕನಿಷ್ಠ ಆರು ಇರಬೇಕು. ನಾಲ್ಕು ಸ್ಟಿಕ್‌ಗಳಿಗೆ, ಒಂದು ಹಾರಾಟದ ಮೋಡ್ ಬದಲಿಸುವ ಸ್ವಿಚ್‌ಗೆ, ಇನ್ನೊಂದು ಮೋಟರ್ ನಿಲ್ಲಿಸುವ ಸ್ವಿಚ್‌ಗೆ. ಈ ಕೊನೆಯದನ್ನು ಥ್ರಾಟಲ್ ಹೋಲ್ಡ್ ಅನ್ನುತ್ತಾರೆ.

ರಿಮೋಟ್ ಕಂಪ್ಯೂಟರ್‌ಗೆ ಹೇಗೆ ಸೇರುತ್ತದೆ?

ಇದು ಮೂರು ಬಗೆ. ಎಡ್ಜ್‌ಟಿಎಕ್ಸ್ ಅಥವಾ ಓಪನ್‌ಟಿಎಕ್ಸ್ ಸಾಫ್ಟ್‌ವೇರ್ ಇರುವ ರೇಡಿಯೋಮಾಸ್ಟರ್, ಜಂಪರ್ ಮುಂತಾದ ಈಗಿನ ರಿಮೋಟ್‌ಗಳಿಗೆ ಯುಎಸ್‌ಬಿ ಕೇಬಲ್ ಸಾಕು. ಕಂಪ್ಯೂಟರ್ ಅದನ್ನು ಜಾಯ್‌ಸ್ಟಿಕ್ ಎಂದು ಗುರುತಿಸುತ್ತದೆ. ಸ್ಪೆಕ್ಟ್ರಮ್, ಫುಟಾಬಾದಂಥ ಕಂಪನಿಗಳ ರಿಮೋಟ್‌ಗೆ ಆಯಾ ಕಂಪನಿಯ ವೈರ್‌ಲೆಸ್ ಡಾಂಗಲ್ ಸಿಗುತ್ತದೆ. ಹಳೆಯ ರಿಮೋಟ್ ಆದರೆ ಹಿಂಬದಿಯ ಟ್ರೈನರ್ ಪೋರ್ಟ್‌ಗೆ ಹಾಕುವ ಕೇಬಲ್ ಬೇಕು.

ಇಲ್ಲೊಂದು ಎಚ್ಚರಿಕೆ. 'ಟ್ವೆಂಟಿಟೂ ಇನ್ ವನ್' ಅಂತ ಮಾರುವ ಅಗ್ಗದ ಕೇಬಲ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ. ಕೇಬಲ್ ಕೆಲಸ ಮಾಡಬಹುದು. ಆದರೆ ಅದರ ಜೊತೆ ಸಿಡಿಯಲ್ಲೋ ಲಿಂಕ್‌ನಲ್ಲೋ 'ಫ್ರೀ' ಅಂತ ಕೊಡುವ ಸಾಫ್ಟ್‌ವೇರ್ ಹಳೆಯ ಆವೃತ್ತಿಗಳ ನಕಲು ಪ್ರತಿ ಆಗಿರುವುದೇ ಹೆಚ್ಚು. ಅದನ್ನು ಹಾಕಲು ಆಂಟಿವೈರಸ್ ಆಫ್ ಮಾಡಿ ಅಂತಲೂ ಕೆಲವು ಕಡೆ ಬರೆದಿರುತ್ತದೆ. ಬಿಲ್ಲಿಂಗ್, ಜಿಎಸ್‌ಟಿ, ಬ್ಯಾಂಕ್ ವ್ಯವಹಾರ ಇರುವ ಅಂಗಡಿಯ ಕಂಪ್ಯೂಟರ್‌ಗೆ ಮಗನ ಆಟಕ್ಕೆಂದು ಇಂಥದ್ದನ್ನು ಹಾಕಿಸಿದರೆ ಅಪಾಯ ಹೆಲಿಕಾಪ್ಟರ್ ಬಿದ್ದದ್ದಕ್ಕಿಂತ ದೊಡ್ಡದು.

ಯಾವ ಸಿಮ್ಯುಲೇಟರ್?

ಹೆಸರು ಮಾಡಿದ ಕೆಲವು ಹೀಗಿವೆ.

ರಿಯಲ್‌ಫ್ಲೈಟ್: ಅಮೆರಿಕದ ಹಾರಿಜಾನ್ ಹಾಬಿ ಕಂಪನಿ ಮಾರುವ ಇದು ಬಹಳ ಪ್ರಚಾರದಲ್ಲಿರುವ ಸಿಮ್ಯುಲೇಟರ್. ವಿಮಾನ, ಹೆಲಿಕಾಪ್ಟರ್, ಡ್ರೋನ್ ಮೂರೂ ಇದರಲ್ಲಿವೆ. ರಿಮೋಟ್ ಆಕಾರದ ಕಂಟ್ರೋಲರ್ ಜೊತೆಗೂ ಸಿಗುತ್ತದೆ, ಸಾಫ್ಟ್‌ವೇರ್ ಮಾತ್ರ ಬೇಕಾದರೆ ಸ್ಟೀಮ್‌ನಲ್ಲೂ ಇದೆ. ವಿಂಡೋಸ್ ಕಂಪ್ಯೂಟರ್ ಬೇಕು. ವಿಮಾನವನ್ನೂ ಕಲಿಯುವ ಆಸೆ ಇದ್ದವರಿಗೆ, ಒಂದೇ ಮನೆಯಲ್ಲಿ ಇಬ್ಬರು ಕಲಿಯುವುದಾದರೆ ಇದು ಹೊಂದುತ್ತದೆ.

ನೆಕ್ಸ್ಟ್, ಹೆಲಿಎಕ್ಸ್, ಅಕ್ಯುಆರ್‌ಸಿ: ಈ ಮೂರು ಹೆಲಿಕಾಪ್ಟರ್ ಹಾರಾಟಕ್ಕೆ ಹೆಚ್ಚು ಒತ್ತು ಕೊಟ್ಟವು. ನೆಕ್ಸ್ಟ್ ಮತ್ತು ಹೆಲಿಎಕ್ಸ್ ವಿಂಡೋಸ್ ಅಲ್ಲದೆ ಮ್ಯಾಕ್, ಲಿನಕ್ಸ್‌ನಲ್ಲೂ ಓಡುತ್ತವೆ. ಎರಡಕ್ಕೂ ಉಚಿತ ಡೆಮೊ ಇದೆ. ಹೆಲಿಕಾಪ್ಟರ್ ಒಂದನ್ನೇ ಕಲಿಯುವುದು ಅಂತ ತೀರ್ಮಾನಿಸಿದವರು ಮೊದಲು ಈ ಡೆಮೊಗಳನ್ನು ಹಾಕಿ ನೋಡುವುದು ಜಾಣತನ.

ಕ್ಲಿಯರ್‌ವ್ಯೂ: ಹಳೆಯ, ಕಡಿಮೆ ಶಕ್ತಿಯ ವಿಂಡೋಸ್ ಕಂಪ್ಯೂಟರ್‌ನಲ್ಲೂ ಓಡುವ ಸರಳ ಸಿಮ್ಯುಲೇಟರ್.

ಫೀನಿಕ್ಸ್: ಒಂದು ಕಾಲದಲ್ಲಿ ಹೆಲಿಕಾಪ್ಟರ್ ಕಲಿಯುವವರ ನೆಚ್ಚಿನದು. ಹೋವರ್ ಕಲಿಸುವ ಪಾಠ ಇದರಲ್ಲಿ ಚೆನ್ನಾಗಿತ್ತು. ಈಗ ಕಂಪನಿಯಿಂದ ಬೆಳವಣಿಗೆ ನಿಂತಿದೆ. ಹೊಸದಾಗಿ ದುಡ್ಡು ಕೊಟ್ಟು ಹಳೆಯ ಪೆಟ್ಟಿಗೆ ಕೊಳ್ಳುವವರು ಇದನ್ನು ತಿಳಿದಿರಬೇಕು.

ಎಫ್‌ಎಂಎಸ್: ಉಚಿತ, ತೀರಾ ಹಳೆಯದು. ರಿಮೋಟ್ ಕಂಪ್ಯೂಟರ್‌ಗೆ ಸೇರಿದೆಯೇ ಅಂತ ನೋಡಲು ಸಾಕು. ಇದರ ಹೆಲಿಕಾಪ್ಟರ್ ನಿಜವಾದ ಹೆಲಿಕಾಪ್ಟರ್‌ನಂತೆ ವರ್ತಿಸುವುದಿಲ್ಲ.

ಬೆಲೆ ಆಗಾಗ ಬದಲಾಗುತ್ತದೆ, ಡಾಲರ್ ಲೆಕ್ಕದಲ್ಲಿ ಇದ್ದರೆ ತೆರಿಗೆಯೂ ಸೇರುತ್ತದೆ. ಪಾವತಿ ಮಾಡುವ ಮುನ್ನ ಅಂತಿಮ ಮೊತ್ತ ನೋಡಿಕೊಳ್ಳಬೇಕು. ಕೆಲವು ಸಾಫ್ಟ್‌ವೇರ್ ಹಲವು ಜಿಬಿ ಇರುತ್ತವೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರು ಡೇಟಾ ಲೆಕ್ಕವನ್ನೂ ಇಟ್ಟುಕೊಳ್ಳಲಿ.

ಅಂದ ನೋಡಿ ಮರುಳಾಗಬೇಡಿ

ಮರದ ಎಲೆ, ಹೊಳೆಯ ನೀರು ಎಷ್ಟು ಚೆನ್ನಾಗಿ ಕಾಣುತ್ತದೆ ಅನ್ನುವುದು ಮುಖ್ಯವಲ್ಲ. ಸ್ಟಿಕ್ ಅಲುಗಿಸಿದ ಕ್ಷಣಕ್ಕೇ ಪರದೆಯ ಹೆಲಿಕಾಪ್ಟರ್ ಅಲುಗಬೇಕು. ತಡವಾಗಿ ಅಲುಗಿದರೆ ಬೆರಳು ಮುಂಚಿತವಾಗಿ, ಜಾಸ್ತಿ ಒತ್ತುವುದನ್ನು ಕಲಿಯುತ್ತದೆ. ಮೈದಾನದಲ್ಲಿ ಅದೇ ಬೀಳಿಸುತ್ತದೆ. ಸೆಕೆಂಡಿಗೆ 60 ಚಿತ್ರಗಳಷ್ಟಾದರೂ ಎಡೆಬಿಡದೆ ಓಡುತ್ತಿದ್ದರೆ ಸಾಕು. ಕಂಪ್ಯೂಟರ್ ಹಳೆಯದಾದರೆ ಗ್ರಾಫಿಕ್ಸ್ ಕಡಿಮೆ ಮಾಡಬೇಕು, ನೆರಳು, ಹುಲ್ಲು ಎಲ್ಲ ತೆಗೆದುಹಾಕಬೇಕು. ಟಿವಿಯನ್ನು ಪರದೆಯಾಗಿ ಬಳಸುವವರು ಅದನ್ನು ಗೇಮ್ ಮೋಡ್‌ಗೆ ಹಾಕದಿದ್ದರೆ ಚಿತ್ರ ತಡವಾಗಿ ಬರುತ್ತದೆ.

ಡೆಮೊ ಹಾಕಿದ ಮೊದಲ ಅರ್ಧ ಗಂಟೆಯಲ್ಲಿ ಇವಿಷ್ಟು ನೋಡಬಹುದು:

• ಕೊಳ್ಳಬೇಕೆಂದಿರುವ ಹೆಲಿಕಾಪ್ಟರ್‌ನ ಗಾತ್ರದ್ದೇ ಮಾದರಿ ಇದೆಯೇ? ಸಣ್ಣದು ಚುರುಕು, ದೊಡ್ಡದು ನಿಧಾನ. ಎರಡರ ವರ್ತನೆ ಬೇರೆ.

• ಸ್ಟಿಕ್ ಮಧ್ಯದಲ್ಲಿ ಬಿಟ್ಟರೂ ಹೆಲಿಕಾಪ್ಟರ್ ತಾನಾಗಿ ಕಲ್ಲಿನಂತೆ ನಿಲ್ಲುತ್ತದೆಯೇ? ನಿಲ್ಲುತ್ತಿದ್ದರೆ ಸಹಾಯದ ಮೋಡ್ ಆನ್ ಇದೆ. ಅದನ್ನು ಆಫ್ ಮಾಡಲು ಬರುತ್ತದೆಯೇ ನೋಡಬೇಕು.

• ಗಾಳಿಯ ವೇಗ ಹೆಚ್ಚು ಕಡಿಮೆ ಮಾಡಬಹುದೇ?

• ಮೋಟರ್ ನಿಲ್ಲಿಸಿ, ರೆಕ್ಕೆಯ ಸುತ್ತುವಿಕೆಯಲ್ಲೇ ಇಳಿಸುವ ಆಟೋರೊಟೇಶನ್ ಅಭ್ಯಾಸಕ್ಕೆ ಅವಕಾಶ ಇದೆಯೇ?

• ಬಿದ್ದ ಮೇಲೆ ರಿಮೋಟ್‌ನ ಒಂದೇ ಸ್ವಿಚ್‌ನಿಂದ ಮರಳಿ ಎಬ್ಬಿಸಬಹುದೇ? ಪ್ರತಿ ಸಲ ಮೌಸ್ ಹಿಡಿಯುವಂತಾದರೆ ಬೇಸರ ಬರುತ್ತದೆ.

ಹೊಂದಿಸುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ರಿಮೋಟ್‌ನಲ್ಲಿ ಹೆಲಿಕಾಪ್ಟರ್ ಮಾದರಿ ಆರಿಸಿ ಸಿಮ್ಯುಲೇಟರ್‌ಗೆ ಜೋಡಿಸಿದರೆ, ಒಂದು ಸ್ಟಿಕ್ ಅಲುಗಿಸಿದಾಗ ಎರಡು ಮೂರು ಚಾನೆಲ್ ಒಟ್ಟಿಗೆ ಅಲುಗಬಹುದು. ರಿಮೋಟ್ ತನ್ನ ಮಿಶ್ರಣ ತಾನು ಮಾಡುತ್ತದೆ, ಸಿಮ್ಯುಲೇಟರ್ ಅದರ ಮೇಲೆ ಮತ್ತೊಮ್ಮೆ ಮಾಡುತ್ತದೆ. ಇದಕ್ಕೆ ರಿಮೋಟ್‌ನಲ್ಲಿ ಯಾವ ಮಿಶ್ರಣವೂ ಇಲ್ಲದ ಸಾದಾ ವಿಮಾನದ ಮಾದರಿಯೊಂದನ್ನು 'ಸಿಮ್' ಅಂತ ಹೆಸರಿಟ್ಟು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಸಾಫ್ಟ್‌ವೇರ್ ಕೆಟ್ಟಿದೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮುನ್ನ ಇದನ್ನು ನೋಡುವುದು ಒಳ್ಳೆಯದು.

ಅಭ್ಯಾಸ ಯಾವ ಕ್ರಮದಲ್ಲಿ?

ಮೊದಲ ದಿನವೇ ಪಲ್ಟಿ ಹೊಡೆಸಲು ಹೋದರೆ ಆಟ ಆಗುತ್ತದೆ, ಕಲಿಕೆ ಆಗುವುದಿಲ್ಲ. ಬಾಲ ತನ್ನ ಕಡೆ ಇಟ್ಟು, ಕಣ್ಣಿನ ಮಟ್ಟದಲ್ಲಿ ಒಂದೇ ಜಾಗದಲ್ಲಿ ನಿಲ್ಲಿಸುವುದು ಮೊದಲ ಪಾಠ. ಕೆಲವು ಸಿಮ್ಯುಲೇಟರ್‌ಗಳ ಹೋವರ್ ಪಾಠದಲ್ಲಿ ಒಂದೇ ಹಿಡಿತ ಕಲಿಯುವವರ ಕೈಗೆ ಕೊಟ್ಟು, ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುವಂತೆ ಮಾಡಬಹುದು. ಒಂದೊಂದಾಗಿ ಸೇರಿಸಿಕೊಂಡು ಹೋಗಬಹುದು.

ಪೂರಾ ಒಂದು ನಿಮಿಷ ನಿಲ್ಲಿಸಲು ಬಂದ ಮೇಲೆ ಮೂತಿ ಎಡಕ್ಕೆ, ಆಮೇಲೆ ಬಲಕ್ಕೆ. ಹೆಚ್ಚಿನವರಿಗೆ ಒಂದು ಬದಿ ಸುಲಭ, ಇನ್ನೊಂದು ಕಷ್ಟ. ಕಷ್ಟದ ಬದಿಗೇ ಹೆಚ್ಚು ಸಮಯ ಕೊಡಬೇಕು. ಮೂತಿ ತನ್ನ ಕಡೆ ಇರುವ ಹೋವರ್ ಕೊನೆಯದು. ಅದು ಬಂದರೆ ನಿಧಾನದ ಎಂಟರ ಆಕಾರ, ಆಮೇಲೆ ಗಾಳಿ ಸೇರಿಸಿ ಅದೇ ಪಾಠಗಳು ಮತ್ತೊಮ್ಮೆ.

ನಾಲ್ಕೂ ದಿಕ್ಕಿಗೆ ಮೂತಿ ಇಟ್ಟು ಒಂದೊಂದು ನಿಮಿಷ, ಬೀಳದೆ, ಸತತ ಹತ್ತು ಸಲ. ಅಲ್ಲಿಯವರೆಗೆ ನಿಜವಾದ ಹೆಲಿಕಾಪ್ಟರ್ ಪೆಟ್ಟಿಗೆಯಲ್ಲೇ ಇರಲಿ ಅನ್ನುವ ನಿಯಮ ಮಾಡಿಕೊಂಡರೆ ಖರ್ಚೂ ಉಳಿಯುತ್ತದೆ, ಕೈಕಾಲೂ ಉಳಿಯುತ್ತದೆ.

ಸಿಮ್ಯುಲೇಟರ್ ಕಲಿಸದ ಪಾಠ

ಕೈಕಾಲು ಅಂದದ್ದು ಸುಮ್ಮನೆ ಅಲ್ಲ. ಮಧ್ಯಮ ಗಾತ್ರದ ಒಂದು ಆರ್‌ಸಿ ಹೆಲಿಕಾಪ್ಟರ್‌ನ ರೆಕ್ಕೆಯ ಸುತ್ತು ಸುಮಾರು 70 ಸೆಂ.ಮೀ. ನಿಮಿಷಕ್ಕೆ 2,700 ಸುತ್ತು ತಿರುಗಿದರೆ ರೆಕ್ಕೆಯ ತುದಿ ಗಂಟೆಗೆ ಸುಮಾರು 350 ಕಿ.ಮೀ. ವೇಗದಲ್ಲಿರುತ್ತದೆ. ದೊಡ್ಡ ಹೆಲಿಕಾಪ್ಟರ್‌ಗಳಲ್ಲಿ ಇದು ಇನ್ನೂ ಜಾಸ್ತಿ. 2013ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಉದ್ಯಾನವೊಂದರಲ್ಲಿ 19 ವರ್ಷದ ಯುವಕ ತಾನು ಹಾರಿಸುತ್ತಿದ್ದ ಹೆಲಿಕಾಪ್ಟರ್‌ನ ರೆಕ್ಕೆ ಬಡಿದು ಸ್ಥಳದಲ್ಲೇ ಮೃತಪಟ್ಟ. ಆತ ಹೊಸಬನಲ್ಲ, ಚೆನ್ನಾಗಿ ಹಾರಿಸಲು ಬಲ್ಲವನು.

ಪರದೆಯ ಮೇಲೆ ಹೆಲಿಕಾಪ್ಟರ್ ಮೈಮೇಲೆ ಬಂದರೂ ಏನೂ ಆಗುವುದಿಲ್ಲ. ಸಿಮ್ಯುಲೇಟರ್‌ನ ದೊಡ್ಡ ಕೊರತೆ ಇದೇ. ಸ್ಕ್ರೂ ಸಡಿಲ ಆಗಿದೆಯೇ, ರೆಕ್ಕೆಯಲ್ಲಿ ಬಿರುಕು ಇದೆಯೇ ಎಂದು ನೋಡುವುದನ್ನೂ ಅದು ಕಲಿಸುವುದಿಲ್ಲ. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಿ ಮನೆ ಬೀಗ ಹಾಕಿಕೊಂಡು ಹೋಗಬಾರದು ಅನ್ನುವುದನ್ನೂ ಕಲಿಸುವುದಿಲ್ಲ. ಅವನ್ನು ಬೇರೆಯಾಗಿಯೇ ರೂಢಿ ಮಾಡಿಕೊಳ್ಳಬೇಕು.

ಒಂದು ಅಭ್ಯಾಸವನ್ನು ಮಾತ್ರ ಸಿಮ್ಯುಲೇಟರ್‌ನಲ್ಲೇ ಕೈಗೆ ಹತ್ತಿಸಬಹುದು. ಹಿಡಿತ ತಪ್ಪಿತು ಅನ್ನಿಸಿದ ಕ್ಷಣ ಥ್ರಾಟಲ್ ಹೋಲ್ಡ್ ಸ್ವಿಚ್ ಒತ್ತುವುದು. ಹೆಲಿಕಾಪ್ಟರ್ ಉಳಿಸಲು ಹೋಗದೆ ಮೋಟರ್ ನಿಲ್ಲಿಸುವುದು. ಪರದೆಯ ಮೇಲೆ ಬಿದ್ದಾಗಲೆಲ್ಲಾ ಇದನ್ನು ಮಾಡುತ್ತಾ ಬಂದರೆ ಮೈದಾನದಲ್ಲಿ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ.

ಎಲ್ಲಿ ಹಾರಿಸಬಹುದು?

2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಡ್ರೋನ್ ನಿಯಮಗಳು ರೆಕ್ಕೆ ತಿರುಗುವ ಹೆಲಿಕಾಪ್ಟರ್ ಮಾದರಿಗಳಿಗೂ ಅನ್ವಯ. 250 ಗ್ರಾಂವರೆಗಿನದು ನ್ಯಾನೊ, ಅದಕ್ಕಿಂತ ಹೆಚ್ಚು 2 ಕೆ.ಜಿ.ವರೆಗೆ ಮೈಕ್ರೊ, 25 ಕೆ.ಜಿ.ವರೆಗೆ ಸ್ಮಾಲ್. ನ್ಯಾನೊಗೆ, ಹಾಗೂ ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೊಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆದರೆ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯ ಗುರುತಿಸಲಾಗಿದೆ. ಹಸಿರು ವಲಯದಲ್ಲಿ 400 ಅಡಿವರೆಗೆ, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವಿನ ಜಾಗದಲ್ಲಿ 200 ಅಡಿವರೆಗೆ ಅನುಮತಿ ಇಲ್ಲದೆ ಹಾರಿಸಬಹುದು. ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿಯಂಥ ವಿಮಾನ ನಿಲ್ದಾಣಗಳ ಸುತ್ತಲಿನವರು ನಕ್ಷೆ ನೋಡದೆ ಹೊರಡಬಾರದು.

ಕಾನೂನು ಬಿಟ್ಟರೂ ಜನ ಓಡಾಡುವ ಶಾಲಾ ಮೈದಾನ, ಸಂತೆ ಬಯಲು, ಮನೆ ತಾರಸಿ ಸರಿಯಾದ ಜಾಗವಲ್ಲ. ಸುಗ್ಗಿ ಮುಗಿದ ಖಾಲಿ ಹೊಲ, ಮಾಲೀಕರನ್ನು ಕೇಳಿ, ಮಕ್ಕಳನ್ನು ದೂರ ನಿಲ್ಲಿಸಿ ಹಾರಿಸಲು ಸರಿ.

ಕೊಳ್ಳುವ ಮುನ್ನ ಒಮ್ಮೆ ನೋಡಿ

• ಮೋಡ್ 1 ಅಥವಾ 2, ಯಾವುದೆಂದು ತೀರ್ಮಾನಿಸಿ.
• ಮುಂದೆಯೂ ಬಳಸುವಂಥ, ಯುಎಸ್‌ಬಿ ಇರುವ, ಕನಿಷ್ಠ ಆರು ಚಾನೆಲ್‌ನ ರಿಮೋಟ್ ಮೊದಲು ಕೊಳ್ಳಿ.
• ಇರುವ ಕಂಪ್ಯೂಟರ್‌ನಲ್ಲಿ ಎರಡು ಡೆಮೊ ಹಾಕಿ ನೋಡಿ, ಆಮೇಲೆ ಒಂದಕ್ಕೆ ದುಡ್ಡು ಕೊಡಿ.
• ನಕಲು ಸಾಫ್ಟ್‌ವೇರ್ ಬೇಡ, ಅಂಗಡಿ ಲೆಕ್ಕದ ಕಂಪ್ಯೂಟರ್‌ನಲ್ಲಂತೂ ಬೇಡವೇ ಬೇಡ.
• ಮೂತಿ ತಮ್ಮ ಕಡೆ ಇಟ್ಟು ನಿಲ್ಲಿಸಲು ಬರುವವರೆಗೆ ಹೆಲಿಕಾಪ್ಟರ್‌ಗೆ ಆರ್ಡರ್ ಹಾಕಬೇಡಿ.

ಕೊನೆಯದು ಮನೆಯ ಹಿರಿಯರಿಗೂ ಅನುಕೂಲ. ಎರಡು ತಿಂಗಳು ಸಿಮ್ಯುಲೇಟರ್ ಮುಂದೆ ಕೂತು ಬೇಸರಪಡದ ಹುಡುಗನಿಗೆ ಹೆಲಿಕಾಪ್ಟರ್ ಕೊಡಿಸಿದರೆ ನಷ್ಟವಿಲ್ಲ. ವಾರದಲ್ಲೇ ಬಿಟ್ಟುಬಿಟ್ಟರೆ ಉಳಿದದ್ದು ದೊಡ್ಡ ಮೊತ್ತ, ರಿಮೋಟ್ ಇನ್ಯಾರಿಗಾದರೂ ಮಾರಬಹುದು.